ಮೊದಲ ಪುಟದ ಶುಲ್ಕ

ನವೆಂಬರ್ 6, 2022

ಓಪಲ್,

ನಿನ್ನ ಹೊಸ ವಿಳಾಸ ಟಾವಿಟಾನಿಂದ ಸಿಕ್ಕಿತು. ಯಾರಿಗೂ ಕೊಡಬೇಡ ಎಂದು ಹೇಳಿ ಹೋಗಿದ್ದೆಯಂತೆ. ಅವನ ಮೇಲೆ ಸಿಟ್ಟಾಗಬೇಡ. ಅವನು ಓಡಿಸುವ ಬಸ್ಸಿನಲ್ಲಿ ಮೂರು ದಿನ ಕೊನೆಯ ನಿಲ್ದಾಣದವರೆಗೂ ಇಳಿಯದೆ ಕೂತಿದ್ದೆ. ನಾಲ್ಕನೆಯ ದಿನ, "ವಿಲ್ಮಾ, ನಿಂಗೆ ಬೇರೆ ಕೆಲಸ ಇಲ್ವಾ?" ಎಂದು ಕೇಳಿ ವಿಳಾಸದ ಚೀಟಿ ಬರೆದುಕೊಟ್ಟ.

ಕಳೆದ ವರ್ಷ ನಿನ್ನ ಮನೆಯ ಬಾಗಿಲಲ್ಲಿ ನಿಂತು ನೀನು ಒಂದೇ ಪ್ರಶ್ನೆ ಕೇಳಿದೆ, ನನಗೆ ಮೊದಲೇ ಗೊತ್ತಿತ್ತೇ ಎಂದು. ನಾನು ಹೌದು ಅಂದೆ. ನೀನು ಬಾಗಿಲು ಹಾಕಿಕೊಂಡೆ. ಇಪ್ಪತ್ತೆರಡು ವರ್ಷ ಪ್ರತಿ ಗುರುವಾರ ಒಟ್ಟಿಗೆ ಬೌಲಿಂಗ್ ಅಂಗಣದಲ್ಲಿ ಚೆಂಡು ಉರುಳಿಸಿದವರು ಅಲ್ಲಿಗೆ ಮಾತು ಬಿಟ್ಟೆವು. ಆಮೇಲೆ ಒಂದು ವರ್ಷ ಒಂದೇ ಊರಿನಲ್ಲಿದ್ದರೂ ನೀನು ಫೋನ್ ಎತ್ತಲಿಲ್ಲ. ಈಗ ನೀನು ಮೊಂಟಾನಾದಲ್ಲಿ ಅಣ್ಣನ ಮನೆಯಲ್ಲಿದ್ದೀಯ. ಅಂದು ಬಾಗಿಲಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

2021ರ ಸೆಪ್ಟೆಂಬರ್ 21, ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ಎರಡು ದಸ್ತಾವೇಜು ನೋಂದಣಿ ಕಚೇರಿಯ ನನ್ನ ಮೇಜಿಗೆ ಬಂದವು. ಮೊದಲನೆಯದು ಕ್ರಯಪತ್ರ. ನೀವು ಬಾಡಿಗೆ ಕಟ್ಟುತ್ತಿದ್ದ, ನಿಮ್ಮ ಸ್ವಂತದ ಅರವತ್ತೆರಡು ಚಕ್ರದ ಮನೆಗಳು ನಿಂತಿದ್ದ ನೆಲವನ್ನು ಅದರ ಮಾಲೀಕ ಒಂದು ಕಂಪನಿಗೆ ಮಾರಿದ್ದ. ಎರಡನೆಯದು ಆ ಕಂಪನಿಯ ಅಡಮಾನ ಪತ್ರ. ಅದರ ಆರನೆಯ ಪುಟದಲ್ಲಿ ಸಾಲ ಯಾತಕ್ಕೆ ಎಂದು ಬರೆದಿತ್ತು: ಇರುವುದನ್ನೆಲ್ಲ ತೆರವು ಮಾಡಿ ಗೋದಾಮು ಕಟ್ಟುವುದಕ್ಕೆ.

ಕಾಗದ ಕ್ರಮಬದ್ಧವಾಗಿದ್ದರೆ ನೋಂದಾಯಿಸಲೇಬೇಕು. ಅದು ಕಾನೂನು. ಇಷ್ಟವಿಲ್ಲ ಎಂದು ಪಕ್ಕಕ್ಕಿಡುವ ಅಧಿಕಾರ ನನ್ನಂಥ ಗುಮಾಸ್ತೆಗೆ ಇಲ್ಲ. ಹತ್ತು ಇಪ್ಪತ್ತೈದಕ್ಕೆ ಮುದ್ರೆ ಒತ್ತಿದೆ. ಆ ನಿಮಿಷದಿಂದ ಅದು ಊರಿನ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಆದರೆ ಯಾರೂ ನೋಡುವುದಿಲ್ಲ. ವರ್ಷದೊಳಗೆ ಖಾಲಿ ಮಾಡಿ ಎಂಬ ನೋಟಿಸು ನಿಮ್ಮ ಬಾಗಿಲುಗಳಿಗೆ ಅಂಟಿಸಿದ್ದು ಅಕ್ಟೋಬರ್ 2ಕ್ಕೆ. ನಡುವಿನ ಹನ್ನೊಂದು ದಿನ ನಾನು ಸುಮ್ಮನಿದ್ದೆ. ಮೇಜಿಗೆ ಬಂದ ಕಾಗದದ ವಿಷಯ ಹೊರಗೆ ಆಡಬಾರದು ಎಂಬುದು ನಮ್ಮಲ್ಲಿ ನಿಯಮವಲ್ಲ, ಅಭ್ಯಾಸ.

ನೀನು ಕ್ಷಮಿಸಬೇಕೆಂದು ಇದನ್ನು ಬರೆದಿಲ್ಲ. ನಡೆದದ್ದು ಹೇಗೆ ನಡೆಯಿತು ಎಂದು ನಿನಗೆ ಗೊತ್ತಿರಲಿ ಎಂದು.

ವಿಲ್ಮಾ ಹ್ಯಾಲ್ವರ್ಸನ್


ಜನವರಿ 15, 2023
ಬ್ಯೂಟ್

ವಿಲ್ಮಾ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಡ್ರಾಯರಿಗೆ ಹಾಕಿದೆ, ತೆಗೆದು ಓದಿದೆ, ಮತ್ತೆ ಹಾಕಿದೆ. ಚೆನ್ನಾಗಿ ಬರೆದಿದ್ದೀಯ. ದಿನಾಂಕ, ಗಂಟೆ, ಪುಟದ ಸಂಖ್ಯೆ, ಕೊನೆಗೆ ಪೂರ್ತಿ ಹೆಸರಿನ ಸಹಿ. ಮುದ್ರೆ ಒತ್ತುವುದೊಂದನ್ನು ಬಿಟ್ಟಿದ್ದೀಯ.

ಇನ್ನೊಂದನ್ನೂ ಬಿಟ್ಟಿದ್ದೀಯ. ಸೆಪ್ಟೆಂಬರ್ 26, ಭಾನುವಾರ.

ಅಂದು ಬಸ್ಸಿನ ಕೆಲಸಕ್ಕೆ ರಜೆಯೆಂದು ಟಾವಿಟಾ ನನ್ನ ಮನೆಗೆ ಹೊಸ ಚಾವಣಿ ಹಾಕುತ್ತಿದ್ದ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತಿಯಾದಾಗ ಕೈಯಲ್ಲಿ ಉಳಿದದ್ದೆಲ್ಲ ಆ ಹಸಿರು ತಗಡಿಗೆ ಹೋಗಿತ್ತು. ನೀನು ಏಲಕ್ಕಿ ಬ್ರೆಡ್ ಕಟ್ಟಿಕೊಂಡು ಬಂದೆ. ಏಣಿ ಅಲ್ಲಾಡುತ್ತಿದೆ ಎಂದು ಟಾವಿಟಾ ಹೇಳಿದಾಗ ನೀನೇ ಹೋಗಿ ಹಿಡಿದುಕೊಂಡೆ. ಒಂದು ಗಂಟೆಯ ಹೊತ್ತು ಹಿಡಿದಿದ್ದೆ. ನಾನು ಬಣ್ಣ ಹೇಗಿದೆ ಎಂದು ಕೇಳಿದೆ. ನೀನು, "ಚೆನ್ನಾಗಿ ಒಪ್ಪುತ್ತೆ" ಅಂದೆ.

ಅದಕ್ಕೆ ಐದು ದಿನ ಮೊದಲೇ ನೀನು ಮುದ್ರೆ ಒತ್ತಿದ್ದೆ.

ಉಳಿದದ್ದನ್ನೂ ತಿಳಿದುಕೊ. ನನ್ನ ಮನೆ ಎಪ್ಪತ್ನಾಲ್ಕರಲ್ಲಿ ಕಾರ್ಖಾನೆಯಲ್ಲಿ ತಯಾರಾದದ್ದು. ಅಷ್ಟು ಹಳೆಯದನ್ನು, ಇಂಥ ಮನೆಗಳಿಗೆ ನೆಲ ಬಾಡಿಗೆಗೆ ಕೊಡುವ ಯಾವ ಪಾರ್ಕಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಎಳೆಯುವಾಗಲೇ ಮುರಿಯುತ್ತದೆ ಅಂದರು. ಕೊಟ್ಟ ಒಂದು ವರ್ಷ ಮುಗಿದ ಮೇಲೆ ಯಂತ್ರ ಬಂತು. ನಲವತ್ತು ನಿಮಿಷ. ಗೋಡೆಗಳೆಲ್ಲ ಬಿಸ್ಕತ್ತಿನಂತೆ ಹೋದವು. ಚಾವಣಿಯೊಂದೇ ಕೊನೆಯವರೆಗೂ ಬಗ್ಗಲಿಲ್ಲ. ಯಂತ್ರದವನು, "ಗಟ್ಟಿ ಮಾಲು ಹಾಕ್ಸಿದ್ರಿ ನೀವು" ಅಂದ. ಹೊಗಳಿಕೆಯೇ ಇರಬೇಕು.

ಇಲ್ಲಿ ಅಣ್ಣ ಎಮ್ಮೆಟ್‌ನ ಮನೆಯ ನೆಲಮಾಳಿಗೆಯಲ್ಲಿದ್ದೇನೆ. ಕಿಟಕಿಯಿಂದ ಬೇಲಿಯ ಬುಡ ಕಾಣಿಸುತ್ತದೆ.

ಓಪಲ್


ಫೆಬ್ರವರಿ 4, 2023

ಪ್ರಿಯ ಓಪಲ್,

ಆ ಭಾನುವಾರವನ್ನು ಮರೆತು ಬಿಟ್ಟದ್ದಲ್ಲ.

ನಾನು ಅಂದು ಹೇಳುವುದಕ್ಕೆಂದೇ ಬಂದಿದ್ದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಚಾವಣಿಯ ವಿಷಯ ನನಗೆ ಗೊತ್ತಿರಲಿಲ್ಲ. ವಸಂತದಲ್ಲಿ ಮಾಡಿಸುತ್ತೇನೆ ಎಂದು ನೀನು ಹೇಳಿದ್ದೆ. ತಿರುವು ದಾಟಿದಾಗ ನೀನು ಅಂಗಳದಲ್ಲಿ ನಿಂತು ಟಾವಿಟಾನಿಗೆ ಏನೋ ಹೇಳಿ ನಗುತ್ತಿದ್ದೆ. ಎಡಗಡೆಯ ಅರ್ಧ ಮುಗಿದಿತ್ತು. ಹದಿನಾಲ್ಕು ತಗಡು ಇನ್ನೂ ಅವನ ಗಾಡಿಯಲ್ಲೇ ಇದ್ದವು. ಎಣಿಸಿದೆ. ಅಷ್ಟನ್ನಾದರೂ ಅಂಗಡಿಗೆ ವಾಪಸು ಕೊಡಬಹುದಿತ್ತು. ನಾನು ಬಾಯಿ ತೆರೆದಿದ್ದರೆ ನಿನ್ನ ನಗು ನಿಲ್ಲುತ್ತಿತ್ತು, ಅದಕ್ಕೆ ಕಾರಣ ನಾನಾಗುತ್ತಿದ್ದೆ. ಅದು ನನ್ನಿಂದ ಆಗಲಿಲ್ಲ. ಏಣಿ ಹಿಡಿಯುವುದು ಸುಲಭವಾಗಿತ್ತು. ಇಷ್ಟೇ. ಕಾನೂನು, ಅಭ್ಯಾಸ ಎಂದು ಮೊದಲ ಪತ್ರದಲ್ಲಿ ಬರೆದದ್ದು ಸುಳ್ಳಲ್ಲ, ಆದರೆ ಕಾರಣವೂ ಅದಲ್ಲ.

ಇನ್ನೊಂದು ವಿಷಯ. ಮನೆ, ನೆಲ, ಅಡಮಾನ, ಯಾವ ಕಾಗದ ನೋಂದಾಯಿಸಿದರೂ ಮೊದಲ ಪುಟಕ್ಕೆ ನಾವು ಒಂದು ಶುಲ್ಕ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಕಡಿಮೆ ಆದಾಯದವರಿಗೆ ಮನೆ ಕಟ್ಟುವ ನಿಧಿಗೆ ಹೋಗುತ್ತದೆ. ಮೂವತ್ತು ವರ್ಷ ಈ ಕೈಯಲ್ಲೇ ಪಡೆದಿದ್ದೇನೆ, ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಿರಲಿಲ್ಲ. ಈಗ ನೋಡಿದೆ. ಹನ್ನೊಂದನೆಯ ಬೀದಿಯಲ್ಲಿ ಹಳೆಯ ಲಾಂಡ್ರಿ ಇದ್ದ ಜಾಗದಲ್ಲಿ ಐವತ್ತನಾಲ್ಕು ಮನೆಗಳ ಕಟ್ಟಡಕ್ಕೆ ಪಾಯ ತೆಗೆದಿದ್ದಾರೆ. ನೆಲಮಹಡಿಯ ಹದಿನೆಂಟು ಮನೆ ವಯಸ್ಸಾದವರಿಗೆ. ಬಾಡಿಗೆ ಅವರವರ ವರಮಾನದ ಮೂರನೆಯ ಒಂದು ಪಾಲು ಮೀರುವಂತಿಲ್ಲ. ಎರಡು ವರ್ಷದೊಳಗೆ ಈ ಊರಿನಿಂದ ಎಬ್ಬಿಸಲ್ಪಟ್ಟವರು, ಈಗ ಎಲ್ಲೇ ಇದ್ದರೂ, ಅರ್ಜಿ ಹಾಕಬಹುದು. ಅರ್ಜಿಯ ಪ್ರತಿ ಇದರೊಂದಿಗೆ ಇದೆ. ಒಂದು ಅಕ್ಷರವನ್ನೂ ನಾನು ತುಂಬಿಲ್ಲ.

ವಿಲ್ಮಾ


ಏಪ್ರಿಲ್ 23, 2023
ಬ್ಯೂಟ್

ವಿಲ್ಮಾ,

ಹದಿನಾಲ್ಕು ಅಂತ ನನಗೆ ಗೊತ್ತಿರಲಿಲ್ಲ. ನಾನು ಎಣಿಸಿರಲಿಲ್ಲ.

ಅರ್ಜಿ ನೋಡಿದೆ. ನನ್ನ ಮನೆ ಕೆಡವಿದವರು ಕಟ್ಟಿದ ಶುಲ್ಕದಿಂದ ನನಗೆ ಮನೆ! ಎಮ್ಮೆಟ್‌ಗೆ ಓದಿ ಹೇಳಿದೆ. ಅವನು ನಲವತ್ತು ವರ್ಷ ಗಣಿಯಲ್ಲಿ ಕ್ರೇನ್ ಓಡಿಸಿದವನು, ಕಂಪನಿಗಳ ವಿಷಯದಲ್ಲಿ ಅವನಿಗೆ ಆಶ್ಚರ್ಯ ಕಮ್ಮಿ. "ನಿನ್ನ ಹಲ್ಲು ಉದುರಿಸಿ ಕಟ್ಟಿಸೋ ಹಲ್ಲಿಗೆ ಚಂದಾ ಕೊಟ್ಟಂಗಾಯ್ತು" ಅಂದ. ಆಮೇಲೆ ಇಸ್ಪೀಟಿನ ಅಂಕ ಲೆಕ್ಕ ಇಡುವ ತೂತಿನ ಹಲಗೆಯ ಮೇಲೆ ತನ್ನ ಗೂಟವನ್ನು ಎರಡು ಮನೆ ಮುಂದೆ ಇಟ್ಟುಕೊಂಡ. ನಾನು ಓದುತ್ತಿದ್ದೇನೆ, ನೋಡುವುದಿಲ್ಲ ಎಂದುಕೊಂಡಿದ್ದ. ದಿನಾ ಸಂಜೆ ಇದೇ ಆಟ, ದಿನಾ ಇದೇ ಮೋಸ.

ಒಂದು ಪ್ರಶ್ನೆ ಇದೆ, ನಿನ್ನ ಮೇಜಿನವಳಿಗೇ ಗೊತ್ತಿರುವಂಥದ್ದು. ನಮ್ಮ ಅರವತ್ತೆರಡು ಮನೆಯ ನೆಲ ಕೊಂಡರಲ್ಲ, ಆ ಕಂಪನಿಯವರು ಆ ದಿನ ನಿನ್ನ ಕೈಗೆ ಎಷ್ಟು ಶುಲ್ಕ ಕೊಟ್ಟರು?

ಅರ್ಜಿಯ ಹಿಂಬದಿ ಖಾಲಿ ಇತ್ತು. ಅಂಗಡಿಯ ಪಟ್ಟಿ ಬರೆಯಲು ಉಪಯೋಗಕ್ಕೆ ಬಂತು.

ಓಪಲ್


ಅಕ್ಟೋಬರ್ 8, 2023

ಪ್ರಿಯ ಓಪಲ್,

ನಿನ್ನ ಪ್ರಶ್ನೆಗೆ ಉತ್ತರ ಕೊಡಲು ಆರು ತಿಂಗಳು ಹಿಡಿಯಿತು. ಉತ್ತರ ಗೊತ್ತಿಲ್ಲದೆ ಅಲ್ಲ.

ಎಲ್ಲರೂ ಕೊಡುವಷ್ಟೇ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಬರುವ ಹೆಂಗಸು ಮೊದಲ ಪುಟಕ್ಕೆ ಎಷ್ಟು ಕಟ್ಟುತ್ತಾಳೋ ಅವರೂ ಅಷ್ಟೇ. ಅವರ ಕ್ರಯಪತ್ರದಲ್ಲಿ ಪುಟಗಳು ಹೆಚ್ಚು, ಪುಟಕ್ಕೊಂದು ಡಾಲರು ಸೇರಿತು. ಇದನ್ನು ಕೌಂಟರಿನ ಈಚೆ ಕೂತು ಮೂವತ್ತು ವರ್ಷ ನೋಡಿದ್ದೇನೆ. ವಿಚಿತ್ರ ಎಂದು ಅನ್ನಿಸಿದ್ದು ನೀನು ಕೇಳಿದ ಮೇಲೆ.

ಇನ್ನೂ ಒಂದು ವಿಚಿತ್ರ ಇದೆ. ಬಡ್ಡಿ ಏರಿದ ಮೇಲೆ ಯಾರೂ ಮನೆ ಮಾರುವುದಿಲ್ಲ, ಕೊಳ್ಳುವುದಿಲ್ಲ. ನಿನ್ನ ನೆಲ ಮಾರಾಟವಾದ ವರ್ಷ ದಿನಕ್ಕೆ ಆರುನೂರು ಕಾಗದ ಬರುತ್ತಿದ್ದವು. ಈಗ ನೂರೈವತ್ತು. ಮಧ್ಯಾಹ್ನದ ಮೇಲೆ ಕೌಂಟರಿನಲ್ಲಿ ಹೆಣಿಗೆ ಹಾಕಬಹುದು. ಜನ ಕೊಂಡು ಮಾರಿ ಒಬ್ಬರನ್ನೊಬ್ಬರು ಎಬ್ಬಿಸುತ್ತಿರುವಾಗ ನಿಧಿ ತುಂಬುತ್ತದೆ. ಎಲ್ಲ ನಿಂತಾಗ ಅದೂ ಒಣಗುತ್ತದೆ, ಬೀದಿಯಲ್ಲಿ ಮನೆಯಿಲ್ಲದವರ ಡೇರೆಗಳು ಮಾತ್ರ ಕಮ್ಮಿಯಾಗುವುದಿಲ್ಲ. ಹನ್ನೊಂದನೆಯ ಬೀದಿಯ ಕಟ್ಟಡ ಮೂರನೆಯ ಮಹಡಿಯ ಮರದ ಚೌಕಟ್ಟಿಗೆ ನಿಂತಿದೆ. ಸುತ್ತ ನೀಲಿ ಪ್ಲಾಸ್ಟಿಕ್ ಹೊದಿಸಿದ್ದಾರೆ.

ನವೆಂಬರ್ 14ಕ್ಕೆ ಕೌಂಟಿ ಮಂಡಳಿಯ ಸಭೆ ಇದೆ. ನೆಲಮಹಡಿಯ ಮನೆಗಳನ್ನು ಕೈಬಿಟ್ಟು ಅಲ್ಲಿ ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟರೆ ಕಟ್ಟಡ ಮುಗಿಸಬಹುದು ಎನ್ನುವ ಪ್ರಸ್ತಾಪ. ಅಂದರೆ ವಯಸ್ಸಾದವರ ಹದಿನೆಂಟು ಮನೆ ಹೋಗುತ್ತದೆ. ಯಾರು ಬೇಕಾದರೂ ಎರಡು ನಿಮಿಷ ಮಾತಾಡಬಹುದು. ನಾನು ಹೆಸರು ಕೊಟ್ಟಿದ್ದೇನೆ. ನಮ್ಮ ಮೇಲಧಿಕಾರಿ ಡೀಲಿಯಾ ಕರೆದು, "ಮಾತಾಡಬೇಡ ಅಂತ ನಾನು ಹೇಳ್ತಿಲ್ಲ. ಆಮೇಲೆ ಕೌಂಟರಿಗೆ ಬರೋರು ನಿನ್ನನ್ನ ಹೇಗೆ ನೋಡ್ತಾರೆ ಅಂತ ಯೋಚನೆ ಮಾಡು ಅಷ್ಟೇ" ಅಂದಳು.

ನನಗೆ ಹೇಳಲು ಇರುವುದು ಒಂದೇ ಕತೆ. ಅದು ನಿನ್ನದು. ನೀನು ಬೇಡ ಅಂದರೆ ಹೆಸರು ವಾಪಸು ತೆಗೆದುಕೊಳ್ಳುತ್ತೇನೆ.

ವಿಲ್ಮಾ


ಅಕ್ಟೋಬರ್ 29, 2023

ಹೇಳು. ನನ್ನ ಹೆಸರು ಬೇಡ. ಅಯ್ಯೋ ಪಾಪ ಎನ್ನುವ ಧಾಟಿಯೂ ಬೇಡ. ಚಾವಣಿಯ ವಿಷಯ ಹೇಳುವುದಾದರೆ ಏಣಿ ಹಿಡಿದವರು ಯಾರು ಎಂಬುದನ್ನೂ ಹೇಳು.

ಓ.


ಡಿಸೆಂಬರ್ 3, 2023

ಪ್ರಿಯ ಓಪಲ್,

ಹೇಳಿದೆ.

ಸಭೆ ಸಂಜೆ ಐದೂವರೆಗೆ. ನಲವತ್ತು ಕುರ್ಚಿ, ಹದಿನೇಳು ಜನ. ಟಾವಿಟಾ ಬಸ್ಸಿನ ಸಮವಸ್ತ್ರದಲ್ಲೇ ಬಂದು ಹಿಂದೆ ಕೂತಿದ್ದ. ನನಗಿಂತ ಮೊದಲು ಒಬ್ಬ ಅಂಗಡಿಗಳು ಬಂದರೆ ಬೀದಿಗೆ ಕಳೆ ಬರುತ್ತದೆ ಅಂದ. ಇನ್ನೊಬ್ಬ ಮನೆ ಕೊಳ್ಳಿಸುವ ದಲ್ಲಾಳಿ. ಶುಲ್ಕ ಈಗಲೇ ಜಾಸ್ತಿಯಾಗಿದೆ, ಹೊಸದಾಗಿ ಮನೆ ಮಾಡುವ ಗಂಡ ಹೆಂಡತಿ ಬೇರೆಯವರ ಮನೆಗೆ ಯಾಕೆ ಹಣ ಕೊಡಬೇಕು ಎಂದು ಕೇಳಿದ. ಅವನದು ಸುಳ್ಳು ಮಾತಲ್ಲ. ಅಂಥ ಗಂಡ ಹೆಂಡತಿಯರನ್ನು ನಾನು ದಿನಾ ನೋಡುತ್ತೇನೆ, ಕೈಚೀಲದ ತಳ ತಡಕಿ ಕೊಡುವವರನ್ನು.

ನನ್ನ ಸರದಿ ಬಂದಾಗ ಬರೆದುಕೊಂಡ ಕಾಗದ ಬಿಚ್ಚಿದೆ, ಕನ್ನಡಕ ಮರೆತಿದ್ದೆ. ಹಾಗಾಗಿ ನೆನಪಿನಿಂದ ಹೇಳಿದೆ. ನಾನು ನೋಂದಣಿ ಗುಮಾಸ್ತೆ, ಅರವತ್ತೆರಡು ಮನೆಗಳ ನೆಲ ಮಾರಿದ ಕಾಗದಕ್ಕೆ ಮುದ್ರೆ ಒತ್ತಿದವಳು ನಾನೇ ಅಂದೆ. ಅಲ್ಲಿದ್ದ ಒಬ್ಬ ಗೆಳತಿ ಐದು ದಿನದ ನಂತರ ಇದ್ದಬದ್ದ ಹಣವೆಲ್ಲ ಹಾಕಿ ಚಾವಣಿ ಹಾಕಿಸುತ್ತಿದ್ದಳು, ನನಗೆ ಎಲ್ಲ ಗೊತ್ತಿತ್ತು, ನಾನು ಏಣಿ ಹಿಡಿದಿದ್ದೆ ಅಂದೆ. ಅವಳೀಗ ಬೇರೆ ರಾಜ್ಯದ ಒಂದು ನೆಲಮಾಳಿಗೆಯಲ್ಲಿದ್ದಾಳೆ. ಆ ಕಾಗದದಿಂದ ನೀವು ಶುಲ್ಕ ತೆಗೆದುಕೊಂಡಿದ್ದೀರಿ. ಅದನ್ನು ಯಾರ ಹೆಸರಿನಲ್ಲಿ ತೆಗೆದುಕೊಂಡಿರೋ ಅವರಿಗೇ ಕೊಡಬೇಕು, ಅಂಗಡಿಗಲ್ಲ. ಇಷ್ಟಕ್ಕೆ ಎರಡು ನಿಮಿಷದ ಗಂಟೆ ಹೊಡೆಯಿತು. ಯಾರೂ ಅಳಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು, "ಮುಂದಿನವರು" ಅಂದರು.

ಎರಡು ವಾರದ ಮೇಲೆ ಪ್ರಸ್ತಾಪವನ್ನು ತಿದ್ದಿ ಮತಕ್ಕೆ ಹಾಕಿದರು. ನಾಲ್ಕಕ್ಕೆ ಮೂರು. ಹದಿನೆಂಟರಲ್ಲಿ ಹನ್ನೊಂದು ಮನೆ ಉಳಿಯಿತು, ಏಳರ ಜಾಗ ಅಂಗಡಿಗೆ ಹೋಯಿತು. ಉಳಿದದ್ದು ನನ್ನ ಮಾತಿನಿಂದ ಎಂದು ಹೇಳಲಾರೆ. ಒಬ್ಬ ಸದಸ್ಯ ಮತ ಹಾಕುವ ಮುಂಚೆ ಚಾವಣಿ ಎನ್ನುವ ಪದ ಬಳಸಿದನಂತೆ, ಟಾವಿಟಾ ಹೇಳಿದ.

ನನ್ನನ್ನು ಕೌಂಟರಿನಿಂದ ತೆಗೆದಿದ್ದಾರೆ. ಶಿಕ್ಷೆ ಅಲ್ಲ ಎಂದು ಡೀಲಿಯಾ ಎರಡು ಸಲ ಹೇಳಿದಳು. ಕೆಳಗಿನ ಕೋಣೆಯಲ್ಲಿ ನೂರು ವರ್ಷದ ಹಿಂದಿನ ದಫ್ತರುಗಳನ್ನು ಒಂದೊಂದೇ ಪುಟ ಯಂತ್ರಕ್ಕೆ ಹಿಡಿದು ನಕಲು ತೆಗೆಯುತ್ತೇನೆ. ಅಕ್ಷರ ಬಹಳ ಚೆನ್ನಾಗಿದೆ ಆಗಿನವರದ್ದು.

ಹೊಸ ಅರ್ಜಿ ಇಟ್ಟಿದ್ದೇನೆ. ಹಳೆಯದರ ಹಿಂಬದಿಯಲ್ಲಿ ಈರುಳ್ಳಿ, ಸೋಪು ಎಂದೆಲ್ಲ ಇರುತ್ತದಲ್ಲ.

ವಿಲ್ಮಾ


ಸೆಪ್ಟೆಂಬರ್ 15, 2024
ಬ್ಯೂಟ್

ವಿಲ್ಮಾ,

ಒಂಬತ್ತು ತಿಂಗಳು ಸುಮ್ಮನಿದ್ದೆ. ನೀನೂ ಸುಮ್ಮನಿದ್ದೆ, ಅದಕ್ಕೆ ಧನ್ಯವಾದ.

ಮಾರ್ಚಿನಲ್ಲಿ ಅರ್ಜಿ ಹಾಕಿದೆ, ನಿನಗೆ ತಿಳಿಸಲಿಲ್ಲ. ಚೀಟಿ ಎತ್ತುತ್ತಾರಂತೆ. ಮುನ್ನೂರು ಚಿಲ್ಲರೆ ಜನರಲ್ಲಿ ನನ್ನದು ಏಳನೆಯದಾಗಿ ಬಂತು. ಬೌಲಿಂಗ್‌ನಲ್ಲೂ ಹೀಗೆ ಬಿದ್ದಿದ್ದರೆ ನಾವು ಒಂದು ಟ್ರೋಫಿಯನ್ನಾದರೂ ಗೆಲ್ಲುತ್ತಿದ್ದೆವು. ಜುಲೈಯಲ್ಲಿ ಫೋನ್ ಮಾಡಿ ಮನೆಯ ಸಂಖ್ಯೆ ಕೂಡ ಹೇಳಿದರು, 107. ಪೂರ್ವದ ಕಡೆ ಕಿಟಕಿ. ಒಂದು ವಾರ ನಾನು ಅದರೊಳಗೇ ಓಡಾಡಿಕೊಂಡಿದ್ದೆ. ಮೇಜು ಎಲ್ಲಿಡಬೇಕು, ರಸ್‌ನ ಫೋಟೋ ಎಲ್ಲಿ. ಸತ್ತ ಗಂಡಂದಿರಿಗೆ ಬೆಳಕು ಬೇಡ, ಆದರೂ ಕಿಟಕಿಯ ಎದುರು ಅಂದುಕೊಂಡಿದ್ದೆ.

ಆಗಸ್ಟ್ 9ಕ್ಕೆ ಎಮ್ಮೆಟ್ ಅಡುಗೆಮನೆಯಲ್ಲಿ ಬಿದ್ದ. ಪಾರ್ಶ್ವವಾಯು. ಬಲಗೈ ಏಳುವುದಿಲ್ಲ, ಮಾತು ತೊದಲುತ್ತದೆ. ಆಸ್ಪತ್ರೆಯಿಂದ ಕರೆದುಕೊಂಡು ಬಂದ ದಿನ ಅವನ ಪಾಲಿನ ಇಸ್ಪೀಟೆಲೆಗಳನ್ನು ನಾನೇ ಹಾಕಿ ಜೋಡಿಸಿಕೊಟ್ಟೆ. ಎಡಗೈಯಲ್ಲೇ ಗೂಟವನ್ನು ಎರಡು ಮನೆ ಮುಂದೆ ತಳ್ಳಿದ. ಬದುಕುತ್ತಾನೆ ಎಂದು ಆಗ ಗೊತ್ತಾಯಿತು.

ಅವನಿಗೆ ಬೇರೆ ಯಾರೂ ಇಲ್ಲ. ಎಲ್ಲೂ ಇಲ್ಲದಾಗ ಜಾಗ ಕೊಟ್ಟವನು ಅವನು. ಆಗಸ್ಟ್ ಕೊನೆಗೆ 107ರ ಕರಾರಿನ ಕಾಗದ ಬಂತು, ಒಪ್ಪಿಗೆ ತಿಳಿಸಲು ಹತ್ತು ದಿನ ಇತ್ತು. ಒಂಬತ್ತನೆಯ ದಿನ ಫೋನ್ ಮಾಡಿ ಬೇಡ ಅಂದೆ. ಆ ಹುಡುಗಿ, "ಖಂಡಿತಾನಾ ಮೇಡಂ? ಮತ್ತೆ ಸಿಗೋದಿಲ್ಲ" ಅಂದಳು. ಗೊತ್ತು ಅಂದೆ.

ನೀನು ಕೌಂಟರು ಕಳೆದುಕೊಂಡು ಉಳಿಸಿದ್ದನ್ನು ನಾನು ಬಿಟ್ಟುಕೊಟ್ಟೆ. ಇದು ಯಾರಿಂದಲೋ ನಿನಗೆ ತಿಳಿಯುವುದು ಬೇಡ ಎಂದು ನಾನೇ ಬರೆಯುತ್ತಿದ್ದೇನೆ.

ಓಪಲ್


ನವೆಂಬರ್ 17, 2024

ಪ್ರಿಯ ಓಪಲ್,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಎರಡು ದಿನ ಇತ್ತು. ಆಮೇಲೆ ನಾನು ಅದನ್ನು ಉಳಿಸಿದ್ದು ನಿನಗೋಸ್ಕರವೋ ನನಗೋಸ್ಕರವೋ ಎಂದು ಯೋಚಿಸತೊಡಗಿದೆ. ಉತ್ತರ ಹೊಳೆಯಿತು, ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ನಿವೃತ್ತಳಾದೆ. ಕೇಕ್ ತಂದಿದ್ದರು, ಅದರ ಮೇಲೆ ನನ್ನ ಹೆಸರಿನ ಕಾಗುಣಿತ ಸರಿಯಿತ್ತು. ಡೀಲಿಯಾ ಅಪ್ಪಿಕೊಂಡಳು.

ಕಳೆದ ಶನಿವಾರ ಕಟ್ಟಡ ತೆರೆದರು. ಜನ ಬಂದು ನೋಡಬಹುದಿತ್ತು. ಭಾಷಣಗಳಿದ್ದವು, ಕೇಳಲಿಲ್ಲ. ನೆಲಮಹಡಿಯ ಹಜಾರದಲ್ಲಿ ಇನ್ನೂ ಬಣ್ಣದ ವಾಸನೆ. 107ರ ಬಾಗಿಲು ತೆರೆದಿತ್ತು. ಒಳಗೆ ಒಬ್ಬಳು ಹೆಂಗಸು ಇದ್ದಳು, ಎಪ್ಪತ್ತರ ಆಸುಪಾಸು, ಅಯೋನಿ ಕ್ರೌಚ್ ಎಂದು ಹೆಸರು. ಮೊದಲು ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸದಲ್ಲಿದ್ದಳಂತೆ. ಏಳು ತಿಂಗಳಿಂದ ಕಾರಿನಲ್ಲಿ ಮಲಗುತ್ತಿದ್ದಳು ಎಂದು ಆಮೇಲೆ ಯಾರೋ ಹೇಳಿದರು. ಅವಳು ಅಡುಗೆಮನೆಯ ಕಪಾಟಿನ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತಿದ್ದಳು. ಒಳಗೆ ಏನೂ ಇರಲಿಲ್ಲ. ನನ್ನನ್ನು ಕಂಡು, "ನೀವು ಕೌಂಟಿ ಕಡೆಯವರಾ?" ಎಂದು ಕೇಳಿದಳು. ಇದ್ದೆ, ಈಗಿಲ್ಲ ಅಂದೆ. "ಹಾಗಾದ್ರೆ ಕೂತ್ಕೊಳ್ಳಿ" ಅಂದಳು. ಕುರ್ಚಿ ಇರಲಿಲ್ಲ. ಇಬ್ಬರಿಗೂ ನಗು ಬಂತು, ಕಿಟಕಿಯ ಕಟ್ಟೆಯ ಮೇಲೆ ಕೂತೆವು.

ನಿನಗೆ ನೋಡಬೇಕೆನ್ನಿಸಿರಬಹುದು ಎಂದು ಬರೆಯುತ್ತೇನೆ. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ, ಅದರಾಚೆ ಟೈರ್ ಅಂಗಡಿ, ಎರಡು ಗೋಡೆಗಳ ಸಂದಿಯಲ್ಲಿ ದೂರದ ನೀರಿನ ಬೆರಳಗಲದ ಪಟ್ಟಿ. ಬೆಳಗಿನ ಬಿಸಿಲು ಒಲೆಯವರೆಗೂ ಬರುತ್ತದೆ. ನಿನ್ನ ಮೇಜು ಹಿಡಿಸುತ್ತಿರಲಿಲ್ಲ, ಅದರ ಎರಡೂ ಬದಿಯ ಹಲಗೆಗಳನ್ನು ಮಡಚಬೇಕಾಗುತ್ತಿತ್ತು.

ಅಯೋನಿಗೆ ನಾನು ಏನೂ ಹೇಳಲಿಲ್ಲ. ಈ ಬಾರಿ ಹೇಳಬೇಕಾದದ್ದೂ ಇರಲಿಲ್ಲ.

ಎಮ್ಮೆಟ್‌ಗೆ ನನ್ನ ನಮಸ್ಕಾರ ತಿಳಿಸು, ಅವನಿಗೆ ನಾನು ಯಾರೆಂದು ಗೊತ್ತಿದ್ದರೆ.

ವಿಲ್ಮಾ


ಮಾರ್ಚ್ 30, 2025
ಬ್ಯೂಟ್

ವಿಲ್ಮಾ,

ನೀನು ಯಾರೆಂದು ಎಮ್ಮೆಟ್‌ಗೆ ಗೊತ್ತು. ನಿನ್ನ ಪತ್ರಗಳನ್ನೆಲ್ಲ ಓದಿ ಹೇಳಿದ್ದೇನೆ, ನನ್ನ ಉತ್ತರಗಳನ್ನು ಮಾತ್ರ ಓದಿಲ್ಲ.

ಕಳೆದ ತಿಂಗಳು ಅವನು ಒಂದು ಕೆಲಸ ಮಾಡಿದ. ವಕೀಲನನ್ನು ಮನೆಗೇ ಕರೆಸಿ ಈ ಮನೆಗೆ ತನ್ನ ಹೆಸರಿನ ಜೊತೆ ನನ್ನ ಹೆಸರನ್ನೂ ಸೇರಿಸುವ ಕಾಗದ ಮಾಡಿಸಿದ. ಎಡಗೈಯಲ್ಲಿ ಸಹಿ ಮಾಡಲು ಹತ್ತು ನಿಮಿಷ ಹಿಡಿಯಿತು. ಬೇಡ ಅಂದೆ. ತೊದಲುತ್ತಾ, "ಮನೆ ಅಲ್ಲ ಕಣೇ. ನೆಲ. ನಿಂಗೆ ನೆಲ ಬರಿತಿದೀನಿ" ಅಂದ. ಪೂರ್ತಿ ವಾಕ್ಯ ಹೇಳಿದ್ದು ಎಷ್ಟೋ ದಿನದ ಮೇಲೆ.

ನೋಂದಾಯಿಸಲು ಇಲ್ಲಿಯ ಕೋರ್ಟಿನ ಕಟ್ಟಡಕ್ಕೆ ಹೋದೆ. ಜೀವನದಲ್ಲಿ ಮೊದಲ ಸಲ. ನಿನ್ನ ಜೊತೆ ಇಷ್ಟು ವರ್ಷ ಆಡಿದರೂ ನಿನ್ನ ಕಚೇರಿಯ ಒಳಗೆ ನಾನು ಕಾಲಿಟ್ಟಿರಲಿಲ್ಲ, ನೋಡು. ಕೌಂಟರಿನ ಆಚೆ ಒಬ್ಬಳು ಹುಡುಗಿ, ನೇರಳೆ ಬಣ್ಣದ ಉಗುರು. ಕಾಗದ ತಗೊಂಡಳು, ಒಂದು ಅಳತೆಪಟ್ಟಿ ಇಟ್ಟು ಅಂಚು ನೋಡಿದಳು, ಮಗುಚಿದಳು, ಮುದ್ರೆ ಎತ್ತಿದಳು. ನನಗೇನಾಯಿತೋ, ತಡೆದೆ.

"ಒಳಗೆ ಏನಿದೆ ಅಂತ ನೋಡೋದಿಲ್ವಾ?" ಅಂದೆ.

"ಅಂಚು ಸರಿ ಇದೆ ಮೇಡಂ. ಸಹಿ ಇದೆ. ನಾವು ಅಷ್ಟೇ ನೋಡೋದು."

"ಯಾರ ಹೆಸರಿದೆ ಅಂತಾನೂ?"

"ಹೆಸರು ಟೈಪ್ ಮಾಡ್ತೀನಿ. ಓದೋದಿಲ್ಲ. ಓದ್ತಾ ಕೂತ್ರೆ ಈ ಕೆಲಸ ಮಾಡಕ್ಕಾಗಲ್ಲ."

ಒರಟಾಗಿ ಹೇಳಲಿಲ್ಲ. ಇದ್ದದ್ದು ಹೇಳಿದಳು. ಮುದ್ರೆ ಒತ್ತಿದಳು. ಇಲ್ಲಿ ಶುಲ್ಕ ಅತ್ತಿತ್ತ ಎಲ್ಲಿಗೂ ಹೋಗುವಷ್ಟಿಲ್ಲ, ಒಂದು ಮಧ್ಯಾಹ್ನದ ಊಟದ ದುಡ್ಡು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮಾಂಸದ ಪ್ಯಾಸ್ಟಿ ತಂದಿದ್ದೆ, ಅದನ್ನು ತಿಂದೆ.

ನೀನೂ ಆ ಹುಡುಗಿಯ ಹಾಗೆ ಅಂಚು ನೋಡಿ ಒತ್ತಿಬಿಟ್ಟಿದ್ದರೆ ನನಗೆ ನಿನ್ನ ಮೇಲೆ ಸಿಟ್ಟಾಗಲು ಏನೂ ಇರುತ್ತಿರಲಿಲ್ಲ. ಮನೆ ಹೇಗೂ ಹೋಗುತ್ತಿತ್ತು, ಚಾವಣಿಯೂ ಹೋಗುತ್ತಿತ್ತು. ಗೆಳತಿ ಉಳಿಯುತ್ತಿದ್ದಳು. ನೀನು ಆರನೆಯ ಪುಟದವರೆಗೂ ಓದಿದೆ. ದಿನಕ್ಕೆ ಆರುನೂರು ಕಾಗದ ಬರುತ್ತಿದ್ದ ಕಾಲದಲ್ಲಿ. ಅಲ್ಲಿ ನಾವಿದ್ದೇವೆ ಎಂದೇ ಓದಿದ್ದೀಯ. ನೀನು ಸುಮ್ಮನಿದ್ದದ್ದನ್ನು ನಾನು ಮೂರು ವರ್ಷ ಲೆಕ್ಕಕ್ಕೆ ಹಿಡಿದಿದ್ದೆ. ಓದಿದ್ದನ್ನು ಹಿಡಿದಿರಲಿಲ್ಲ.

ಇದರಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಸರಿಹೋಗಿಲ್ಲ.

ಮೇಲಿನ ಕೋಣೆ ಖಾಲಿ ಇದೆ. ಬಸ್ಸು ಮಿಸ್ಸೂಲಾದಲ್ಲಿ ಬದಲಾಯಿಸಬೇಕು, ಅಲ್ಲಿ ಎರಡು ಗಂಟೆ ಕಾಯಬೇಕಾಗುತ್ತದೆ. ಇಲ್ಲಿ ಮೇ ತಿಂಗಳಿನಲ್ಲೂ ಹಿಮ ಬೀಳುತ್ತದೆ. ನಿನ್ನ ಆ ತೆಳ್ಳನೆಯ ಮಳೆ ಕೋಟು ಸಾಲದು, ದಪ್ಪದ್ದು ತಗೊಂಡು ಬಾ.

ಓಪಲ್ ಡ್ರಿಸ್ಕಲ್